ಹೆರಿಗೆ ಬ್ಯಾಗ್: ಹುಡುಕುವವರ ಕೈಗೆ ಸಿಗುವ ಹಾಗೆ

ಹೆರಿಗೆಗೆಂದು ಜೋಡಿಸಿದ ಬ್ಯಾಗನ್ನು ಆಸ್ಪತ್ರೆಯಲ್ಲಿ ಬಸುರಿ ತಾನೇ ಬಿಚ್ಚುವುದು ಕಡಿಮೆ. ಅವಳು ಲೇಬರ್ ರೂಮಿನ ಒಳಗಿರುತ್ತಾಳೆ. ಸಿಸ್ಟರ್ ಬಾಗಿಲು ಅರ್ಧ ತೆರೆದು "ಮಗು ಬಟ್ಟೆ ಕೊಡಿ" ಅಂದಾಗ ಕಾರಿಡಾರಿನಲ್ಲಿ ಕೂತು ಜಿಪ್ ಎಳೆಯುವವರು ಅಮ್ಮ, ಅತ್ತೆ, ಇಲ್ಲವೇ ಗಂಡ. ಎಷ್ಟೋ ಸಲ ಅದು ನಡುರಾತ್ರಿ. ನನ್ನ ಎರಡು ಹೆರಿಗೆಗೂ, ಆಮೇಲೆ ತಂಗಿ ಮತ್ತು ನಾದಿನಿಗೂ ಬ್ಯಾಗ್ ಜೋಡಿಸುವಾಗ ಇದನ್ನೇ ಲೆಕ್ಕಕ್ಕೆ ಇಟ್ಟುಕೊಂಡೆ. ಆಸ್ಪತ್ರೆಯವರು ಯಾವ ಕ್ರಮದಲ್ಲಿ ಕೇಳುತ್ತಾರೋ ಅದೇ ಕ್ರಮದಲ್ಲಿ ಸಾಮಾನು ಕೈಗೆ ಸಿಗಬೇಕು.

36 ವಾರ ತುಂಬುವ ಹೊತ್ತಿಗೆ ಬ್ಯಾಗ್ ಬಾಗಿಲ ಹತ್ತಿರ ಇರಲಿ. ಅವಳಿ ಮಕ್ಕಳಿದ್ದರೆ, ಬಿಪಿ ಏರುತ್ತಿದ್ದರೆ, ಹಿಂದಿನ ಹೆರಿಗೆ ದಿನ ತುಂಬುವ ಮೊದಲೇ ಆಗಿದ್ದರೆ 32 ವಾರಕ್ಕೇ ಸಿದ್ಧ ಮಾಡುವುದು ಒಳ್ಳೆಯದು. ಸೀಮಂತ ಮುಗಿಸಿ ತವರಿಗೆ ಹೊರಡುವವರಿಗೆ ಆಸ್ಪತ್ರೆಯೂ ಡಾಕ್ಟರೂ ಬದಲಾಗುತ್ತಾರೆ. ಹಾಗಾಗಿ ಬಟ್ಟೆ ಆಮೇಲೆ ಜೋಡಿಸಿದರೂ ಸರಿ, ಫೈಲ್ ಮಾತ್ರ ಅವತ್ತೇ ಪೂರ್ತಿ ಆಗಿರಬೇಕು.

ಫೈಲಿಗೆ ಜಿಪ್ ಇರುವ ಪಾರದರ್ಶಕ ಕವರ್ ಸಾಕು. ಎಲ್ಲಕ್ಕಿಂತ ಮೇಲೆ ತಾಯಿ ಕಾರ್ಡ್, ಅದರ ಹಿಂದೆ ರಕ್ತದ ಗುಂಪು, ಹಿಮೋಗ್ಲೋಬಿನ್, ಎಚ್‌ಐವಿ, ಹೆಪಟೈಟಿಸ್ ಬಿ, ಶುಗರ್, ಥೈರಾಯ್ಡ್ ವರದಿಗಳು, ಆಮೇಲೆ ಸ್ಕ್ಯಾನ್‌ಗಳು. ಕೊನೆಯ ಸ್ಕ್ಯಾನ್ ಮೊದಲು ಬರಬೇಕು, ಡಾಕ್ಟರು ನೋಡುವುದು ಅದನ್ನೇ. ರಕ್ತದ ಗುಂಪು ನೆಗೆಟಿವ್ ಇದ್ದರೆ ಕವರಿನ ಮೇಲೇ ದಪ್ಪಕ್ಷರದಲ್ಲಿ ಬರೆದು ಅಂಟಿಸುತ್ತೇನೆ. ಹುಟ್ಟಿದ ಮಗು ಪಾಸಿಟಿವ್ ಆದರೆ ತಾಯಿಗೆ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಆಗಬೇಕು. ಅದು ಆ ಆಸ್ಪತ್ರೆಯಲ್ಲೇ ಸಿಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಆಧಾರ್, ರೇಷನ್ ಕಾರ್ಡ್, ತಾಯಿಯ ಹೆಸರಿನ ಬ್ಯಾಂಕ್ ಪಾಸ್‌ಬುಕ್, ಇವುಗಳ ಜೆರಾಕ್ಸ್ ಮೂರು ಮೂರು. ವಿಮೆ ಇದ್ದರೆ ಅದರ ಕಾರ್ಡೂ ಇಲ್ಲೇ.

ಇನ್ನೊಂದು ಚೀಟಿಯನ್ನು ನಾನು ಎಂದೂ ಬಿಡುವುದಿಲ್ಲ. ತಂದೆ ತಾಯಿಯ ಹೆಸರು, ಇನಿಷಿಯಲ್ ಸಮೇತ, ಆಧಾರ್‌ನಲ್ಲಿ ಇರುವ ಹಾಗೇ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಬರೆದ ಚೀಟಿ. ಜನನ ನೋಂದಣಿಗೆ 21 ದಿನದ ಗಡುವಿದೆ. ಆಸ್ಪತ್ರೆ ಕಳಿಸುವ ಫಾರಂ ತುಂಬಲು ಹೆಸರು ಹೇಳುವವರು ಸಾಮಾನ್ಯವಾಗಿ ಹೊರಗೆ ಕೂತವರು. ಬಾಯಲ್ಲಿ ಹೇಳಿದ ಹೆಸರು ಬರೆಯುವವರ ಕಿವಿಗೆ ಬಿದ್ದ ಹಾಗೆ ದಾಖಲಾಗುತ್ತದೆ, ಮುಂದೆ ಶಾಲೆಗೆ ಸೇರಿಸುವಾಗ ತಿದ್ದಿಸಲು ಅಲೆಯಬೇಕಾಗುತ್ತದೆ. ಮಗುವಿನ ಹೆಸರು ಅವತ್ತೇ ಬೇಕಿಲ್ಲ, ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು.

ಮಗುವಿನ ಮೊದಲ ಜೊತೆ ಬಟ್ಟೆಗೆ ಬೇರೆಯೇ ಕವರ್. ಅದರಲ್ಲಿ ಮೆತ್ತನೆಯ ಹತ್ತಿ ಬಟ್ಟೆ ಎರಡು, ಜಬಲಾ, ಲಂಗೋಟಿ, ಕುಲಾವಿ, ಕಾಲುಚೀಲ ಒಂದೊಂದು. ಬಟ್ಟೆ ಎರಡು ಯಾಕೆಂದರೆ, ಹುಟ್ಟಿದ ಮಗುವಿನ ಮೈ ಒದ್ದೆ ಇರುತ್ತದೆ. ಒಂದರಲ್ಲಿ ಒರೆಸಿ ಅದನ್ನು ಅತ್ತ ಹಾಕಿ, ಒಣಗಿದ್ದರಲ್ಲಿ ಸುತ್ತಬೇಕು. ಒದ್ದೆ ಬಟ್ಟೆಯಲ್ಲೇ ಸುತ್ತಿದರೆ ಮಗು ಬೇಗ ತಣ್ಣಗಾಗುತ್ತದೆ. ತಲೆಯಿಂದಲೂ ಬಿಸಿ ತುಂಬಾ ಹೋಗುತ್ತದೆ, ಅದಕ್ಕೆ ಕುಲಾವಿ. ಮೀಟರ್ ಉದ್ದ, ಮೀಟರ್ ಅಗಲದ ತುಂಡು ಸುತ್ತಲು ಹದವಾಗುತ್ತದೆ.

ಮಗು ಹುಟ್ಟುವ ಮೊದಲು ಹೊಸದನ್ನು ಕೊಳ್ಳಬಾರದು ಎಂಬ ಪದ್ಧತಿ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿದೆ. ಅದಕ್ಕಾಗಿ ಹಿರಿಯರೊಡನೆ ಜಗಳ ಬೇಡ. ಅಜ್ಜಿಯ ಹಳೆಯ ಹತ್ತಿ ಸೀರೆ, ಅಜ್ಜನ ಪಂಚೆ ಹತ್ತಾರು ಸಲ ಒಗೆದು ಗಂಜಿ ಬಿಟ್ಟು ಮೆದುವಾಗಿರುತ್ತವೆ, ಅಂಗಡಿಯ ಹೊಸ ಬಟ್ಟೆಗಿಂತ ಮಗುವಿನ ಚರ್ಮಕ್ಕೆ ಅವೇ ಹಿತ. ಆದರೆ ಟ್ರಂಕಿನಿಂದ ತೆಗೆದ ಬಟ್ಟೆಯನ್ನು ಮೊದಲು ಮೂಸಿ ನೋಡಿ. ನುಸಿ ಗುಳಿಗೆಯ, ಅಂದರೆ ನ್ಯಾಫ್ತಲಿನ್ ಉಂಡೆಯ ವಾಸನೆ ಇದ್ದರೆ ಅದನ್ನು ಹಾಗೇ ಮಗುವಿಗೆ ಸುತ್ತಬೇಡಿ. ಜಿ-6-ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ನ್ಯಾಫ್ತಲಿನ್ ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆ ತರುತ್ತದೆ. ನಮ್ಮ ಮಗುವಿಗೆ ಆ ಕೊರತೆ ಇದೆಯೋ ಇಲ್ಲವೋ ಹುಟ್ಟಿದ ದಿನ ಯಾರಿಗೂ ಗೊತ್ತಿರುವುದಿಲ್ಲ. ನಾನು ಒಗೆದು ಎರಡು ದಿನ ಬಿಸಿಲಿಗೆ ಹರವುತ್ತೇನೆ. ವಾಸನೆ ಆಮೇಲೂ ಉಳಿದರೆ ಆ ಬಟ್ಟೆಯನ್ನೇ ಬಿಡುತ್ತೇನೆ. ಕೊನೆಗೆ ಬಿಸಿ ಇಸ್ತ್ರಿ ಹಾಕಿ, ಕವರಿಗೆ ತುಂಬಿ, ಬಾಯಿ ಕಟ್ಟುವುದು.

ವಾರ್ಡಿನ ಲೆಕ್ಕಕ್ಕೆ ಮೂರು ದಿನಕ್ಕೆ ಲಂಗೋಟಿ ಇಪ್ಪತ್ತು, ಜಬಲಾ ಆರು, ಸುತ್ತುವ ಬಟ್ಟೆ ಎಂಟು, ಒಂದು ರಬ್ಬರ್ ಶೀಟ್. ಜಬಲಾ ಮುಂದೆ ಲಾಡಿ ಕಟ್ಟುವಂಥದ್ದಿರಲಿ. ಪಿನ್ನು, ಬಿಗಿ ಎಲಾಸ್ಟಿಕ್, ಲೇಸು ಬೇಡ. ಮೊದಲ ಕಕ್ಕ ಟಾರಿನ ಹಾಗೆ ಕಪ್ಪಗೆ ಅಂಟಂಟಾಗಿರುತ್ತದೆ, ಎಷ್ಟು ಒಗೆದರೂ ಕಲೆ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಮೊದಲೆರಡು ದಿನಕ್ಕೆ ಬಿಸಾಡಬಹುದಾದ ತುಂಡುಗಳೇ ಸರಿ. ಚಿಕ್ಕ ಡಬ್ಬಿಯಲ್ಲಿ ಕೊಬ್ಬರಿ ಎಣ್ಣೆ ಇಟ್ಟುಕೊಂಡು ಕುಂಡೆಗೆ ತೆಳುವಾಗಿ ಸವರಿದರೆ ಒರೆಸುವುದು ಸಲೀಸು. ಡೈಪರ್ ಬೇಕೆನ್ನುವವರು ನವಜಾತ ಅಳತೆಯ ಸಣ್ಣ ಪ್ಯಾಕ್ ಒಂದನ್ನೇ ತರಲಿ. ಅದರ ಅಂಚನ್ನು ಹೊಕ್ಕುಳಬಳ್ಳಿಯ ಕೆಳಗೆ ಮಡಚಬೇಕು. ಸ್ವೆಟರು ಋತು ನೋಡಿ: ಜುಲೈನ ಮಡಿಕೇರಿಗೆ ಎರಡು ಬೇಕು, ಮೇ ತಿಂಗಳ ಕಲಬುರಗಿಯಲ್ಲಿ ಉಣ್ಣೆ ಸುತ್ತಿದರೆ ಮಗುವಿನ ಮೈಗೆ ಬೆವರುಸಾಲೆ ಬರುತ್ತದೆ, ಮೈಯೂ ಕಾಯುತ್ತದೆ.

ಬಾಣಂತಿಗೆ ಮುಂದೆ ಜಿಪ್ ಅಥವಾ ಗುಂಡಿ ಇರುವ ನೈಟಿ ನಾಲ್ಕು. ಪ್ಯಾಡ್ ದೊಡ್ಡ ಅಳತೆಯದು, ದಿನಕ್ಕೆ ಎಂಟರ ಲೆಕ್ಕದಲ್ಲಿ ಇಪ್ಪತ್ತನಾಲ್ಕು. ಒಂದು ಪ್ಯಾಡ್ ಗಂಟೆಯೊಳಗೇ ಪೂರ್ತಿ ನೆನೆದರೆ ಬದಲಿಸಿ ಸುಮ್ಮನಾಗದೆ ಕೂಡಲೇ ಸಿಸ್ಟರಿಗೆ ತೋರಿಸಬೇಕು. ಇದನ್ನು ನಾನು ಪ್ಯಾಡಿನ ಕವರಿನ ಮೇಲೇ ಬರೆದಿಡುತ್ತೇನೆ, ಜೊತೆಗೆ ಇರುವವರಿಗೆ ಗೊತ್ತಿರಲಿ ಎಂದು. ಒಳಉಡುಪು ಕಡುಬಣ್ಣದ್ದು, ಹೊಕ್ಕುಳ ಮುಟ್ಟುವಷ್ಟು ಎತ್ತರದ್ದು. ಸಿಸೇರಿಯನ್ ಆದರೆ ಲಂಗದ ಲಾಡಿಯೂ ಗಿಡ್ಡ ಒಳಉಡುಪಿನ ಎಲಾಸ್ಟಿಕ್ಕೂ ಸರಿಯಾಗಿ ಹೊಲಿಗೆಯ ಮೇಲೇ ಕೂರುತ್ತವೆ, ಉಜ್ಜಿ ನೋಯಿಸುತ್ತವೆ. ಜಾರದ ಚಪ್ಪಲಿ, ಟವೆಲ್ ಎರಡು, ಫ್ಲಾಸ್ಕ್, ಲೋಟ, ತಟ್ಟೆ, ಚಮಚ. ಉದ್ದ ಕೂದಲಿದ್ದರೆ ಎರಡು ಜಡೆ, ಅಂಗಾತ ಮಲಗಿದಾಗ ಒತ್ತುವುದಿಲ್ಲ. ಉಗುರುಬಣ್ಣ ಮನೆಯಲ್ಲೇ ಅಳಿಸಿ ಹೋಗಿ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಕೆಲವು ಬಣ್ಣಗಳ ಮೇಲೆ ತಪ್ಪು ತೋರಿಸುತ್ತದೆ. ಒಡವೆಯನ್ನೂ ಮನೆಯಲ್ಲೇ ಬಿಡಿ.

ಒಳಲೆ ಒಂದು ಇರಲಿ, ಸ್ಟೀಲಿನದು. ಮಗು ಮೊಲೆ ಹಿಡಿಯಲು ತಡ ಮಾಡಿದರೆ ಹಿಂಡಿದ ಗಿಣ್ಣುಹಾಲನ್ನು ಅದರಲ್ಲಿ ಕುಡಿಸಲು ಸಿಸ್ಟರ್ ಹೇಳಿಕೊಡುತ್ತಾರೆ. ಮನೆಯಲ್ಲಿ ಹತ್ತು ನಿಮಿಷ ನೀರಲ್ಲಿ ಕುದಿಸಿ ಮುಚ್ಚಳದ ಡಬ್ಬಿಯಲ್ಲಿ ಒಯ್ಯಿರಿ, ಅಲ್ಲಿ ಮತ್ತೆ ಫ್ಲಾಸ್ಕಿನ ನೀರಲ್ಲಿ ತೊಳೆದರೆ ಸಾಲದು, ಪ್ರತಿ ಸಲ ಕುದಿಸಿದ್ದೇ ಬೇಕು. ಹಾಗಾಗಿ ನಾನು ಎರಡು ಇಡುತ್ತೇನೆ, ಒಂದು ಬಳಕೆಯಲ್ಲಿದ್ದಾಗ ಇನ್ನೊಂದು ಮನೆಯಲ್ಲಿ ಕುದಿದು ಬರುತ್ತದೆ. ಹಾಲಿನ ಬಾಟಲಿ, ಪುಡಿ, ಜೇನುತುಪ್ಪ, ಬೆಲ್ಲದ ನೀರು, ಕಾಡಿಗೆ, ಪೌಡರು ಬ್ಯಾಗಿಗೆ ಹತ್ತಬಾರದು. ಜೇನಿನಲ್ಲಿ ಇರಬಹುದಾದ, ಬಾಟುಲಿಸಂ ಎಂಬ ಕಾಯಿಲೆ ತರುವ ಬೀಜಾಣು ಒಂದು ವರ್ಷದೊಳಗಿನ ಮಗುವಿಗೆ ಅಪಾಯಕಾರಿ. ನೆಂಟರು ಪ್ರೀತಿಯಿಂದ ತಂದುಕೊಟ್ಟರೂ ನಾಲಿಗೆಗೆ ಮುಟ್ಟಿಸುವುದು ಬೇಡ.

ಎಲ್ಲ ತುಂಬಿದ ಮೇಲೆ ಆಸ್ಪತ್ರೆಯಲ್ಲಿ ಜೊತೆಗೆ ಇರುವವರ ಮುಂದೆ ಬ್ಯಾಗ್ ಇಟ್ಟು, ದೀಪ ಆರಿಸಿ, ಮೊಬೈಲ್ ಬೆಳಕಲ್ಲಿ ಮಗುವಿನ ಮೊದಲ ಕವರನ್ನು ತೆಗೆಸುತ್ತೇನೆ. ತಡಕಾಡಿದರೆ ಕವರಿನ ಜಾಗ ಬದಲಿಸುತ್ತೇನೆ. ಹೊರಡುವ ಗಳಿಗೆಯಲ್ಲಿ ಹಾಕಬೇಕಾದ ಚಾರ್ಜರ್, ಕನ್ನಡಕ, ದಿನದ ಮಾತ್ರೆ, ಚಿಲ್ಲರೆ ನೋಟುಗಳ ಪಟ್ಟಿಯನ್ನು ಜಿಪ್ಪಿಗೇ ದಾರದಲ್ಲಿ ಕಟ್ಟಿ, 108 ನಂಬರನ್ನೂ ಆಟೋದವರ ನಂಬರನ್ನೂ ಅದರ ಕೆಳಗೇ ಬರೆದಿಡುತ್ತೇನೆ.