ಹತ್ತಿಯ ಬಿಳಿನೊಣಕ್ಕೆ ಬಿವೇರಿಯಾ ಕೆಲಸ ಮಾಡಿದ್ದು ಹೀಗೆ

ಹತ್ತಿ ಎಲೆ ಮೇಲೆಲ್ಲ ಜಿಗುಟು ಅಂಟು, ಅದರ ಮೇಲೆ ಕಪ್ಪು ಬೂಷ್ಟು. ಗಿಡ ಅಲುಗಿಸಿದರೆ ಹಿಟ್ಟು ತೂರಿದ ಹಾಗೆ ಬಿಳಿನೊಣ ಏಳುತ್ತಿದ್ದವು. ಕೀಟಕ್ಕೆ ರೋಗ ತಂದು ಸಾಯಿಸುವ ಶಿಲೀಂಧ್ರ ಬಿವೇರಿಯಾ, ಅದರ ಪುಡಿಯನ್ನು ಬಿಸಿಲಲ್ಲಿ ಹೊಡೆದದ್ದು ಉಪಯೋಗವಾಗಲಿಲ್ಲ. ಪ್ರಮಾಣ ಜಾಸ್ತಿ ಮಾಡಿದರೂ ಅಷ್ಟೇ. ಶಿಲೀಂಧ್ರನಾಶಕದ ಜೊತೆ ಬೆರೆಸಿದ್ದಂತೂ ದಂಡ. ಬಿವೇರಿಯಾ ಕೂಡ ಶಿಲೀಂಧ್ರವೇ ಅಲ್ವಾ?

ಕೊನೆಗೆ ಕೆಲಸ ಮಾಡಿದ್ದು ಈ ಕ್ರಮ. ಮೊದಲು ಹೊಲಕ್ಕೆ ನೀರು ಹಾಯಿಸಿ ತೇವ ಮಾಡಿದೆ. ಲೀಟರಿಗೆ 5 ಗ್ರಾಂ ಲೆಕ್ಕದಲ್ಲಿ ಪುಡಿಯನ್ನು ಸ್ವಲ್ಪ ನೀರಲ್ಲಿ ಕಲಸಿ, ಬಟ್ಟೆಯಲ್ಲಿ ಸೋಸಿ, ಅಂಟುದ್ರಾವಣ ಸೇರಿಸಿದೆ. ಬಿಸಿಲು ಇಳಿದ ಮೇಲೆ ನಾಝಲ್ ಮೇಲ್ಮುಖ ಮಾಡಿ ಎಲೆಯ ಅಡಿಭಾಗ ನೆನೆಯುವಂತೆ ಹೊಡೆದೆ. ಬಿವೇರಿಯಾದ ಬೀಜಕಣ ಕೀಟದ ಮೈಗೇ ತಾಗಿ ಮೊಳೆಯಬೇಕು. ಸುಮ್ನೆ ಮೇಲೆ ಚಿಮುಕಿಸಿದರೆ ಸಾಲದು. ವಾರ ಬಿಟ್ಟು ಮತ್ತೊಮ್ಮೆ ಹೊಡೆದೆ. ಆಮೇಲೆ ಮರಿಗಳು ಅಂಟಿದಲ್ಲೇ ಒಣಗಿ, ಕೆಲವಕ್ಕೆ ಬಿಳಿ ಬೂಷ್ಟು ಬಂದಿತ್ತು.