ಹಾಲಿನ ಕವರುಗಳಿಂದ ಕಾಲೊರಸು ಹೆಣೆಯುವ ಕ್ರಮ

ಕರ್ನಾಟಕದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧವಿದ್ದರೂ, ದಿನಕ್ಕೆ ಎರಡು ಪ್ಯಾಕೆಟ್ ಹಾಲು ತರಿಸುವ ಮನೆಯಲ್ಲಿ ತಿಂಗಳಿಗೆ 60 ಕವರುಗಳು ಕೂಡಿಬೀಳುತ್ತವೆ. ಇವು ಅಂಗಡಿಯ ತೆಳುಚೀಲಗಳಂತೆ ಹಿಸಿದುಹೋಗದೆ ಗಟ್ಟಿಯಾಗಿರುವುದರಿಂದ, ಒಂದೆರಡು ತಿಂಗಳ ಕವರುಗಳನ್ನು ಜೋಪಾನ ಮಾಡಿದರೆ ಬಚ್ಚಲುಮನೆಯ ಬಾಗಿಲಿಗೆ ಹಾಕಲು ಒಂದು ಒಳ್ಳೆಯ ಕಾಲೊರಸನ್ನು ಮನೆಯಲ್ಲೇ ಹೆಣೆಯಬಹುದು.

ಕೆಲಸ ಆರಂಭವಾಗುವುದು ಹಾಲು ಬಗ್ಗಿಸುವಾಗಲೇ. ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡುವ ಅಭ್ಯಾಸವನ್ನು ದಯವಿಟ್ಟು ಬಿಡಬೇಕು. ಆ ಚೂರುಗಳು ಚರಂಡಿ ಸೇರುತ್ತವೆಯೇ ಹೊರತು ಯಾರ ಕೈಗೂ ಸಿಗುವುದಿಲ್ಲ. ಹಾಲು ಸುರಿಯುವಷ್ಟು ಸೀಳು ಮಾಡಿ, ಮೂಲೆ ಕವರಿಗೇ ಅಂಟಿಕೊಂಡಿರುವಂತೆ ಬಿಡುವುದು ಒಳ್ಳೆಯದು. ಖಾಲಿಯಾದ ಕೂಡಲೇ ತಣ್ಣೀರಿನಲ್ಲಿ ಜಾಲಿಸಿ, ಅನಂತರ ಮೇಲಂಚನ್ನು ಬಿಡಿಸಿ ಒಳಮೈಯನ್ನು ಹೊರಕ್ಕೆ ತಿರುಗಿಸಿ ಸೀಗೆಪುಡಿ ಅಥವಾ ಪಾತ್ರೆ ತೊಳೆಯುವ ಸಾಬೂನಿನಿಂದ ಉಜ್ಜಬೇಕು. ಹಾಲಿನ ಜಿಡ್ಡು ಎಳ್ಳಷ್ಟು ಉಳಿದರೂ ಹೆಣೆದ ಮೇಲೆ ಮುಗ್ಗಲು ವಾಸನೆ ಬರುತ್ತದೆ, ಇರುವೆಗಳೂ ಹತ್ತುತ್ತವೆ. ಬಿಸಿಲಿಗೆ ಪ್ಲಾಸ್ಟಿಕ್ ಬಿರುಸಾಗುವುದರಿಂದ ನೆರಳಿನಲ್ಲೇ ಒಣಗಿಸುವುದು ಲೇಸು.

ಒಣಗಿದ ಕವರಿನ ಮೇಲಿನ ಮತ್ತು ಕೆಳಗಿನ ಬೆಸುಗೆಯ ಅಂಚುಗಳನ್ನು ಕತ್ತರಿಸಿ ತೆಗೆದರೆ ಎರಡೂ ಬದಿ ತೆರೆದ ಕೊಳವೆ ಸಿಗುತ್ತದೆ. ಅನೇಕರು ಇದನ್ನು ಅಡ್ಡಡ್ಡಲಾಗಿ ತುಂಡು ಮಾಡಿ, ಆಮೇಲೆ ಗಂಟಿನ ಮೇಲೆ ಗಂಟು ಹಾಕುತ್ತಾ ಹೋಗುತ್ತಾರೆ. ಅದರ ಬದಲು ಒಂದು ಅಂಚಿನಿಂದ ಸ್ವಲ್ಪ ಓರೆಯಾಗಿ ಕತ್ತರಿ ಹಾಕಿ, ಎರಡು ಬೆರಳಿನ ಅಗಲ ಕಾಯ್ದುಕೊಂಡು ಸುತ್ತ ಸುತ್ತ ಕತ್ತರಿಸುತ್ತಾ ಹೋದರೆ, ಅರ್ಧ ಲೀಟರಿನ ಒಂದೇ ಕವರಿನಿಂದ ಒಂದು ಮೀಟರಿಗೂ ಮಿಕ್ಕಿದ, ನಡುವೆ ಎಲ್ಲೂ ತುಂಡಾಗದ ಪಟ್ಟಿ ದೊರೆಯುತ್ತದೆ. ಒಂದು ಪಟ್ಟಿಯನ್ನು ಇನ್ನೊಂದಕ್ಕೆ ಸೇರಿಸುವಾಗಲೂ ಗಂಟು ಬೇಡ. ಎರಡೂ ತುದಿಗಳಲ್ಲಿ ಅಂಗಿಯ ಕಾಜಾದಂತೆ ಸಣ್ಣ ಸೀಳು ಮಾಡಿ, ಒಂದರ ಮೇಲೊಂದನ್ನು ಇಟ್ಟು, ಹೊಸ ಪಟ್ಟಿಯ ಇನ್ನೊಂದು ತುದಿಯನ್ನು ಕೆಳಗಿನಿಂದ ಎರಡೂ ಸೀಳುಗಳ ಮೂಲಕ ಎಳೆದುಕೊಂಡರೆ ಜೋಡಣೆ ಚಪ್ಪಟೆಯಾಗಿ ಕೂರುತ್ತದೆ. ಬರಿಗಾಲಿಗೆ ಗಂಟುಗಳು ಒತ್ತುವುದಿಲ್ಲ.

ಹೀಗೆ ಸಿದ್ಧವಾದ ಪಟ್ಟಿಗಳನ್ನು ಉಂಡೆ ಸುತ್ತಿಟ್ಟು, ಪ್ರತಿ ಎಳೆಗೆ ಎರಡೆರಡು ಪಟ್ಟಿ ಹಿಡಿದು ಮೂರೆಳೆಯ ಜಡೆ ಹೆಣೆಯಬೇಕು. ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿಕೊಂಡರೆ ಬಿಗಿ ಒಂದೇ ಸಮ ಇರುತ್ತದೆ. ಜಡೆಯನ್ನು ನೆಲದ ಮೇಲೆ ಸುರುಳಿಯಾಗಿ ಸುತ್ತುತ್ತಾ, ಪಕ್ಕದ ಸುತ್ತಿಗೆ ದಬ್ಬಳ ಮತ್ತು ನೈಲಾನ್ ದಾರದಿಂದ ಹೊಲಿಯಬೇಕು. ಇದನ್ನು ತೊಡೆಯ ಮೇಲಿಟ್ಟುಕೊಂಡು ಹೊಲಿಯುವವರ ಕಾಲೊರಸು ಸಾಮಾನ್ಯವಾಗಿ ಬಟ್ಟಲಿನ ಆಕಾರಕ್ಕೆ ತಿರುಗುತ್ತದೆ, ಏಕೆಂದರೆ ಹೊರಸುತ್ತುಗಳಲ್ಲಿ ಜಡೆಯನ್ನು ಅರಿವಿಲ್ಲದೆ ಬಿಗಿಯಾಗಿ ಎಳೆದಿರುತ್ತಾರೆ. ಅಂಚು ಮೇಲೇಳುವುದು ಕಂಡರೆ ಅಷ್ಟು ಸುತ್ತನ್ನು ಬಿಚ್ಚಿ, ಸಡಿಲ ಬಿಟ್ಟು ಮತ್ತೆ ಹೊಲಿಯಬೇಕು. ಅಂಚು ಅಲೆಅಲೆಯಾಗಿ ಬಂದರೆ ಸಡಿಲ ಹೆಚ್ಚಾಗಿದೆ ಎಂದು ತಿಳಿಯಬೇಕು. ನುಣುಪಾದ ನೆಲವಾದರೆ ಇದು ಜಾರುತ್ತದೆ, ಆದ್ದರಿಂದ ವಯಸ್ಸಾದವರು ಓಡಾಡುವ ಕಡೆ ಅಡಿಗೆ ಹಳೆಯ ಗೋಣಿತಾಟಿನ ತುಂಡನ್ನು ಹೊಲಿಯದೆ ಬಳಸಬಾರದು.

ಕವರುಗಳನ್ನು ಇಸ್ತ್ರಿ ಪೆಟ್ಟಿಗೆಯಿಂದ ಕಾಯಿಸಿ ಒಂದಕ್ಕೊಂದು ಅಂಟಿಸುವ ವಿಧಾನವನ್ನು ಕೆಲವರು ಹೇಳಿಕೊಡುತ್ತಾರೆ. ಈ ಪ್ಲಾಸ್ಟಿಕ್ ಸುಮಾರು 110 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗತೊಡಗುತ್ತದೆ, ಇಸ್ತ್ರಿಯ ಶಾಖ ಅದನ್ನು ಸುಲಭವಾಗಿ ಮೀರುತ್ತದೆ, ಹೊಗೆಯೂ ಬರಬಹುದು. ಮಕ್ಕಳಿರುವ ಮನೆಯಲ್ಲಿ ಇದನ್ನು ಮಾಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕತ್ತರಿಸದೆ ಉಳಿದ ಕವರುಗಳು ಸಸಿ ಬೆಳೆಸಲು ಒದಗುತ್ತವೆ. ತಳದಲ್ಲಿ ನಾಲ್ಕೈದು ತೂತು ಮಾಡಿ ಮಣ್ಣು-ಗೊಬ್ಬರ ತುಂಬಿದರೆ ಕರಿಬೇವು, ನುಗ್ಗೆ, ಪಪ್ಪಾಯಿ ಬೀಜಗಳನ್ನು ಹಾಕಬಹುದು. ನೆಡುವಾಗ ಕವರನ್ನು ಸೀಳಿ ತೆಗೆದು, ತೊಳೆದು, ಕಾಲೊರಸಿನಿಂದ ಬಂದ ಅಂಚು-ಚೂರುಗಳೊಂದಿಗೆ ಒಣಕಸಕ್ಕೆ ಕೊಡಬೇಕು. ಒಲೆಗಾಗಲಿ ಬಚ್ಚಲ ಹಂಡೆಯ ಉರಿಗಾಗಲಿ ಹಾಕಬಾರದು.