ಫ್ಲ್ಯಾಟ್ ನೋಡುವುದಾದರೆ ಆಟಿಯಲ್ಲೇ ನೋಡಿ

ನಮ್ಮ ತುಳುನಾಡಿನ ಕಡೆ ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ, ಯಾರೂ ಶುಭ ಕೆಲಸಕ್ಕೆ ಕೈ ಹಾಕುವುದಿಲ್ಲ. ಮದುವೆ ಇಲ್ಲ, ಮನೆ ಒಕ್ಕಲು ಇಲ್ಲ, ಜಾಗ-ಮನೆಯ ಮಾತುಕತೆಯೂ ಕಮ್ಮಿ. ಮಂಗಳೂರು, ಉಡುಪಿಯಲ್ಲಿ ಫ್ಲ್ಯಾಟ್ ನೋಡುವ ಭರಾಟೆ ಶುರುವಾಗುವುದು ದೀಪಾವಳಿ ಕಳೆದ ಮೇಲೆ. ಮೇ ಕೊನೆಯ ಪತ್ತನಾಜೆ ಹೊತ್ತಿಗೆ ತಣ್ಣಗಾಗುತ್ತದೆ. ಮಳೆ ಕಮ್ಮಿ ಇರುವ ತಿಂಗಳುಗಳು ಇವು. ಗೋಡೆಗೆ ಹೊಸ ಪೈಂಟು, ಕಿಟಕಿಯಲ್ಲಿ ಬಿಸಿಲು, ಸಿಟ್‌ಔಟಿನಲ್ಲಿ ಗಾಳಿ. ಎಲ್ಲ ಚಂದವೇ ಕಾಣುತ್ತದೆ.

ನಾವೂ ಹಾಗೇ ಜನವರಿಯಲ್ಲಿ ನೋಡಿ ಮಾರ್ಚ್‌ನಲ್ಲಿ ರಿಜಿಸ್ಟರ್ ಮಾಡಿಸಿದವರು. ಜುಲೈ ಎರಡನೇ ವಾರ ಬೆಡ್‌ರೂಮಿನ ವಾರ್ಡ್‌ರೋಬ್ ಬಾಗಿಲು ಎಳೆದರೆ ಬರಲಿಲ್ಲ. ಪ್ಲೈವುಡ್ ಉಬ್ಬಿತ್ತು. ಜೋರಾಗಿ ಎಳೆದಾಗ ಹಿಡಿ ಮಾತ್ರ ಕೈಗೆ ಬಂತು. ಕೊನೆಗೆ ಸ್ಕ್ರೂಡ್ರೈವರ್ ತುರುಕಿ ತೆಗೆದೆವು. ಹಿಂಬದಿ ಹಲಗೆಯ ತುಂಬ ಕಪ್ಪು ಬೂಷ್ಟು. ಮದುವೆ ಆಲ್ಬಮ್ಮಿನ ಪುಟಗಳು ಒಂದಕ್ಕೊಂದು ಅಂಟಿ ಇಟ್ಟಿಗೆಯ ಹಾಗೆ ಆಗಿದ್ದವು. ಬಿಲ್ಡರಿಗೆ ಫೋನ್ ಮಾಡಿದರೆ "ಮಳೆಗಾಲ ಅಲ್ವಾ, ಸ್ವಲ್ಪ ತೇವ ಇರ್ತದೆ" ಎಂದರು. ಆ ಗೋಡೆಯನ್ನು ಜನವರಿಯಲ್ಲಿ ನಾನೇ ಕೈಯಿಂದ ಸವರಿ ನೋಡಿದ್ದೆ. ಒಣಗಿತ್ತು.

ಹಾಗಾಗಿ ಈಗ ಯಾರು ಕೇಳಿದರೂ ಒಂದೇ ಮಾತು ಹೇಳುತ್ತೇನೆ. ಆಟಿಯಲ್ಲಿ ನೋಡಿ, ಅದರ ಮುಂದಿನ ತಿಂಗಳು ಸೋಣದಲ್ಲಿ ಅಡ್ವಾನ್ಸ್ ಕೊಡಿ. ಬರೀ ನೋಡುವುದಕ್ಕೆ ಮುಹೂರ್ತ ಬೇಕಾಗಿಲ್ಲ. ಆಗ ಗಿರಾಕಿ ಕಮ್ಮಿ, ಬ್ರೋಕರ್ ಕೂಡ ಪುರುಸೊತ್ತಿನಲ್ಲಿರುತ್ತಾರೆ.

ಮೊದಲು: ಜೊತೆಗೆ ಯಾರು, ಚೀಲದಲ್ಲಿ ಏನು

ಬೆಂಗಳೂರಿನಲ್ಲಿ ಮನೆ ತಪಾಸಣೆಗೆಂದೇ ಕಂಪನಿಗಳಿವೆ. ನಮ್ಮಲ್ಲಿ ಹೆಚ್ಚಾಗಿ ಪರಿಚಯದ ಸಿವಿಲ್ ಎಂಜಿನಿಯರೇ ಗತಿ. ಒಂದು ಎಚ್ಚರ ಇರಲಿ. ಊರು ಸಣ್ಣದು. ನೀವು ಕರೆದೊಯ್ಯುವ ಎಂಜಿನಿಯರ್ ಅದೇ ಬಿಲ್ಡರಿನ ಇನ್ನೊಂದು ಕೆಲಸ ಮಾಡುತ್ತಿರಬಹುದು. ಮೊದಲೇ ಕೇಳಿಬಿಡಿ, ಫೀಸನ್ನೂ ಸರಿಯಾಗಿ ಕೊಡಿ. ಪುಕ್ಕಟೆಗೆ ಬಂದವರು ಸುಮ್ನೆ ತಲೆ ಆಡಿಸಿ ಹೋಗುತ್ತಾರೆ. ಸಾಧ್ಯವಾದರೆ ಒಬ್ಬ ಹಳೇ ಪ್ಲಂಬರನ್ನೂ ಕರೆದುಕೊಳ್ಳಿ. ಹತ್ತು ಕಟ್ಟಡಗಳ ಲೀಕೇಜ್ ತೆಗೆದವರಿಗೆ ಕಾಣುವುದು ನಮಗೆ ಕಾಣುವುದಿಲ್ಲ.

ಚೀಲದಲ್ಲಿ ಟಾರ್ಚ್, ಅಳತೆ ಟೇಪು, ಒಂದು ಗೋಲಿ, ಐದು ರೂಪಾಯಿ ನಾಣ್ಯ, ತ್ರೀ ಪಿನ್ ಟೆಸ್ಟರ್ ಇರಲಿ. ಬಕೆಟ್ ಅಲ್ಲೇ ಸಿಗುತ್ತದೆ.

ಎರಡನೆಯದು: ಮನೆಗೆ ಹೋಗಬೇಡಿ, ಟೆರೇಸಿಗೆ ಹೋಗಿ

ಲಿಫ್ಟಿನಲ್ಲಿ ನೇರ ಮೇಲಕ್ಕೆ ಹೋಗಿ. ನಮ್ಮೂರಿನ ಅಪಾರ್ಟ್‌ಮೆಂಟ್‌ಗಳ ತಲೆ ಮೇಲೆ ತಗಡಿನ ಶೀಟು ಕಂಡಿರುತ್ತೀರಿ. ಬೆಂಗಳೂರಿನ ನೆಂಟರು ಬಂದಾಗ "ಇದೇನು, ಮೇಲೆ ಫ್ಯಾಕ್ಟರಿ ಇದೆಯಾ" ಎಂದು ಕೇಳುತ್ತಾರೆ. ಅಲ್ಲಿ ವರ್ಷಕ್ಕೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಇಲ್ಲಿ 3,500ಕ್ಕಿಂತ ಜಾಸ್ತಿ, ಅದರಲ್ಲೂ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ. ಚಪ್ಪಟೆ ಕಾಂಕ್ರೀಟ್ ಅದನ್ನು ಎಷ್ಟು ದಿನ ತಡೆದೀತು? ಶೀಟು ಇದ್ದರೆ ಒಳ್ಳೆಯದೇ. ಆದರೆ ಅದರ ಕಂಬಗಳ ಬುಡ ನೋಡಿ. ಸ್ಲ್ಯಾಬಿಗೇ ತೂತು ಕೊರೆದು ಬೋಲ್ಟ್ ಹಾಕಿದ್ದರೆ ಅಲ್ಲಿಂದಲೇ ನೀರು ಇಳಿಯಲು ಶುರುವಾಗುತ್ತದೆ. ಶೀಟು ಇಲ್ಲದಿದ್ದರೆ ನೀರು ಎಲ್ಲಿ ನಿಲ್ಲುತ್ತದೆ, ಪೈಪಿನ ಬಾಯಿ ಎಲೆ ಕಟ್ಟಿ ಮುಚ್ಚಿದೆಯಾ ಎಂದು ನೋಡಿ. ಶೀಟು ಹಾಕಿಸಲು ಫ್ಲ್ಯಾಟ್ ಮಾಲೀಕರ ಅಸೋಸಿಯೇಶನ್ ದುಡ್ಡು ಕೂಡಿಸಿದೆಯೇ ಎಂದೂ ಕೇಳಿ. ಆ ಖರ್ಚಿನ ಪಾಲು ನಾಳೆ ನಿಮ್ಮ ತಲೆಗೇ ಬರುತ್ತದೆ.

ಅಲ್ಲಿಂದ ಮೆಟ್ಟಿಲಿನಲ್ಲೇ ಇಳಿದು ಪಾರ್ಕಿಂಗ್‌ಗೆ ಬನ್ನಿ, ತಲೆ ಎತ್ತಿ ನೋಡಿ. ತೊಲೆಗಳ ಅಡಿಯಲ್ಲಿ ಉದ್ದಕ್ಕೆ ಬಿರುಕು, ಅದರ ಪಕ್ಕ ಕಂದು ಕಲೆ ಇದ್ದರೆ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತಿದೆ ಎಂದೇ ಅರ್ಥ. ಕಡಲ ಉಪ್ಪು ಗಾಳಿಯಲ್ಲೂ ಇದೆ, ತೊಳೆಯದ ಮರಳಿನಲ್ಲೂ ಇರುತ್ತದೆ. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಜಾಸ್ತಿ ಜಾಗ ಕೇಳುತ್ತದೆ, ಉಬ್ಬಿ ಕಾಂಕ್ರೀಟನ್ನು ಒಳಗಿನಿಂದ ಒಡೆಯುತ್ತದೆ. ಅಲ್ಲಿಗೆ ಬರೀ ಸಿಮೆಂಟ್ ಮೆತ್ತಿ ಪೈಂಟ್ ಹೊಡೆದಿದ್ದರೆ ನಾಣ್ಯದಲ್ಲಿ ಬಡಿದರೆ ಡೊಳ್ಳು ಶಬ್ದ ಬರುತ್ತದೆ. ಇಂಥ ಕಟ್ಟಡವನ್ನು ಎಂಜಿನಿಯರ್ ಲಿಖಿತವಾಗಿ ಸರಿ ಎನ್ನುವ ತನಕ ಮುಟ್ಟಬೇಡಿ.

ಕದ್ರಿ, ಬಿಜೈ, ಕುಲಶೇಖರದ ಕಡೆ, ಮಣಿಪಾಲದಲ್ಲೂ, ಗುಡ್ಡ ಕಡಿದು ಕಟ್ಟಿದ ಕಟ್ಟಡಗಳು ತುಂಬ. ಹಿಂದೆ ತಡೆಗೋಡೆ ಇದ್ದರೆ ಅದರ ತೂತುಗಳನ್ನು ನೋಡಿ. ಮಳೆ ಬರುವಾಗ ಅವುಗಳಿಂದ ನೀರು ಸುರಿಯಬೇಕು. ಗುಡ್ಡ ನೆನೆದು ಮುದ್ದೆಯಾಗಿದ್ದರೂ ತೂತು ಒಣಗಿದ್ದರೆ ನೀರು ಗೋಡೆಯ ಹಿಂದೆ ಒತ್ತಿ ನಿಂತಿರಬಹುದು. ಇದು ಜನವರಿಯಲ್ಲಿ ಗೊತ್ತೇ ಆಗುವುದಿಲ್ಲ.

ತಗ್ಗಿನ ಜಾಗದ ಲೆಕ್ಕ ಬೇರೆ. ಕೊಟ್ಟಾರ ಚೌಕಿ, ಪಂಪ್‌ವೆಲ್, ಉಡುಪಿಯ ಕಲ್ಸಂಕದ ಆಸುಪಾಸು ನೋಡುವುದಾದರೆ ವಾಚ್‌ಮನ್‌ಗೋ ಎದುರಿನ ಅಂಗಡಿಯವರಿಗೋ ಎರಡು ಪ್ರಶ್ನೆ ಕೇಳಿ: ಮಂಗಳೂರಿನಲ್ಲಿ ನೆರೆ ಬಂದ 2018ರ ಮೇ 29ಕ್ಕೆ ಇಲ್ಲಿ ನೀರು ಎಲ್ಲಿವರೆಗೆ ಬಂತು? ಉಡುಪಿಯಾದರೆ, ಅಲ್ಲಿ ನೆರೆ ಬಂದ 2020ರ ಸೆಪ್ಟೆಂಬರ್ 20ಕ್ಕೆ? ಬ್ರೋಕರ್ ಮರೆತಿರಬಹುದು, ಅಂಗಡಿಯವರು ಮರೆಯುವುದಿಲ್ಲ. ಲಿಫ್ಟಿನ ಗುಂಡಿಗೆ ನೀರು ಬರುತ್ತದೆಯೇ ಎಂದೂ ಕೇಳಿಡಿ.

ಮೂರನೆಯದು: ಈಗ ಮನೆಯೊಳಗೆ, ಪಡುಗೋಡೆಯಿಂದ ಶುರು

ನಮ್ಮ ಮಳೆ ನೇರ ಬೀಳುವುದಿಲ್ಲ, ನೈಋತ್ಯದಿಂದ ಗಾಳಿ ಸಮೇತ ಗೋಡೆಗೆ ಅಪ್ಪಳಿಸುತ್ತದೆ. ಹಾಗಾಗಿ ಪಡು ಮತ್ತು ತೆಂಕು ದಿಕ್ಕಿನ ಗೋಡೆಗಳೇ ಪರೀಕ್ಷೆಯ ಕಣ. ಕಾಂಕ್ರೀಟ್ ಕಂಬಕ್ಕೂ ಕಲ್ಲಿನ ಗೋಡೆಗೂ ಬಿಸಿಲಿಗೆ ಹಿಗ್ಗುವ ಪ್ರಮಾಣ ಬೇರೆ. ಎರಡೂ ಸೇರುವಲ್ಲಿ ಕೋಳಿಗೂಡಿನ ಜಾಲರಿ ಇಟ್ಟು ಗಾರೆ ಮಾಡಬೇಕು. ಆ ಖರ್ಚು ಉಳಿಸಿದರೆ ಕೂದಲೆಳೆಯ ಬಿರುಕು ಬೀಳುತ್ತದೆ. ಮಳೆಗೆ ಅಷ್ಟು ಸಾಕು. ನಮ್ಮ ವಾರ್ಡ್‌ರೋಬಿನ ಹಿಂದೆ ಇದ್ದದ್ದೂ ಅದೇ, ಕಂಬದ ಪಕ್ಕದಲ್ಲಿ ಪೆನ್ಸಿಲ್ ಗೆರೆಯಷ್ಟು.

ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದು ಬೆಳಕು ಓರೆಯಾಗಿ ಹರಿಯುವಂತೆ ಬಿಡಿ. ಉಬ್ಬು, ತೇಪೆ, ಪುಟ್ಟಿಯ ಗುಳ್ಳೆ ಎಲ್ಲ ನೆರಳು ಬಿಟ್ಟು ಎದ್ದು ಕಾಣುತ್ತವೆ. ಬಿಳಿ ಪುಡಿ ಕೈಗೆ ಹತ್ತಿದರೆ ನೀರು ಒಳಗಿಂದ ಉಪ್ಪನ್ನು ಎಳೆದು ತಂದಿದೆ. ಒಂದೇ ಗೋಡೆಗೆ ಹೊಸ ಪೈಂಟ್ ಹೊಡೆದಿದ್ದರೆ ಕಾರಣ ಕೇಳಿ. ವಾರ್ಡ್‌ರೋಬ್ ಇದ್ದರೆ ಒಳಗೆ ತಲೆ ಹಾಕಿ ಮೂಸಿ. ಮಾಲೀಕರು ವಿಚಿತ್ರವಾಗಿ ನೋಡಿದರೆ ನೋಡಲಿ. ಇಷ್ಟು ದುಡ್ಡು ಕೊಡುವಾಗ ದಾಕ್ಷಿಣ್ಯ ಯಾಕೆ?

ಕಿಟಕಿಯ ಸ್ಲೈಡಿಂಗ್ ಹಳಿಯಲ್ಲಿ ನೀರು ಹೊರಗೆ ಹೋಗಲು ಸಣ್ಣ ತೂತುಗಳಿರಬೇಕು. ಒಂದು ಲೋಟ ನೀರು ಹೊಯ್ದು ನೋಡಿ. ಹೊರಗೆ ಇಳಿಯದೆ ಒಳಗೆ ತುಳುಕಿದರೆ ಪ್ರತಿ ಮಳೆಗೂ ಬಟ್ಟೆ ಹಿಂಡುವ ಕೆಲಸ ಗ್ಯಾರಂಟಿ.

ಬಾತ್‌ರೂಮ್ ವಿಷಯದಲ್ಲಿ ನಿಮ್ಮ ನೆಲಕ್ಕಿಂತ ನಿಮ್ಮ ಛಾವಣಿ ಮುಖ್ಯ. ಮೇಲಿನವರ ಬಾತ್‌ರೂಮಿನ ನೀರು ಸೋರುವುದು ಅಲ್ಲಿಂದಲೇ. ಫಾಲ್ಸ್ ಸೀಲಿಂಗ್ ಇದ್ದರೆ ಒಂದು ಹಲಗೆ ತೆಗೆಸಿ ಟಾರ್ಚ್ ಬಿಡಿ. ನಿಮ್ಮದರ ಗತಿ ತಿಳಿಯಬೇಕಾದರೆ ಕೆಳಗಿನ ಮನೆಯ ಬೆಲ್ ಒತ್ತಿ. "ನಾವು ಮೇಲಿನ ಫ್ಲ್ಯಾಟ್ ನೋಡ್ಲಿಕ್ಕೆ ಬಂದದ್ದು" ಎಂದರೆ ಸಾಕು. ಲೀಕ್ ಇದ್ದರೆ ಅವರೇ ಒಳಗೆ ಕರೆದು ತೋರಿಸಿ, ಚಾ ಕೊಟ್ಟು, ಮೂರು ವರ್ಷದ ಜಗಳದ ಕಥೆ ಹೇಳುತ್ತಾರೆ. ಹೊಸ ಫ್ಲ್ಯಾಟ್ ಆದರೆ ನೆಲದ ತೂತು ಮುಚ್ಚಿ ಎರಡು ಇಂಚು ನೀರು ನಿಲ್ಲಿಸಿ, 24 ಗಂಟೆ ಬಿಟ್ಟು ಕೆಳಗೆ ನೋಡುವುದೇ ಸರಿಯಾದ ಪರೀಕ್ಷೆ. ಬಳಿಕ ಗೋಲಿ ಬಿಡಿ. ಅದು ತೂತಿನ ಕಡೆ ಉರುಳಬೇಕು, ಬಾಗಿಲ ಕಡೆ ಅಲ್ಲ.

ಟೈಲ್ಸ್ ಮೇಲೆ ನಾಣ್ಯ ಬಡಿಯುವುದು, ಎಲ್ಲ ನಲ್ಲಿ ಒಟ್ಟಿಗೆ ಬಿಡುವುದು, ಪ್ಲಗ್‌ಗಳಲ್ಲಿ ಅರ್ತಿಂಗ್ ನೋಡುವುದು, ಕರೆಂಟ್ ಸೋರಿದರೆ ಸಪ್ಲೈ ಕಡಿಯುವ ಆರ್‌ಸಿಸಿಬಿ ಸ್ವಿಚ್ಚಿನ ಟೆಸ್ಟ್ ಬಟನ್ ಒತ್ತುವುದು, ಇವೆಲ್ಲ ಅರ್ಧ ಗಂಟೆಯ ಕೆಲಸ.

ಇನ್ನೊಂದು, ಬೀಗ ಹಾಕಿದ ಫ್ಲ್ಯಾಟುಗಳು. ಮಾಲೀಕರು ದುಬೈಯಲ್ಲೋ ಮುಂಬೈಯಲ್ಲೋ ಇದ್ದು, ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಮನೆಗಳು ನಮ್ಮಲ್ಲಿ ಜಾಸ್ತಿ. "ಯಾರೂ ಬಳಸಿಲ್ಲ, ಹೊಸತರ ಹಾಗೇ ಇದೆ" ಎನ್ನುತ್ತಾರೆ. ಗಾಳಿಯಾಡದ ಮನೆ ಹೊಸತಾಗಿ ಉಳಿಯುವುದಿಲ್ಲ. ಚೌಕಟ್ಟಿನ ಬುಡವನ್ನು ಉಗುರಿನಲ್ಲಿ ಒತ್ತಿ. ಗೆದ್ದಲು ತಿಂದಿದ್ದರೆ ಪೈಂಟ್ ಮಾತ್ರ ಉಳಿದಿರುತ್ತದೆ.

ನಾಲ್ಕನೆಯದು: ಕುಡಿಯುವ ನೀರು

ಮಳೆಗಾಲದಲ್ಲಿ ನೋಡಿ ಎಂದೆನಲ್ಲ, ಅದರಲ್ಲಿ ಒಂದೇ ಕೊರತೆ. ಬೇಸಿಗೆಯ ನೀರಿನ ಪಾಡು ಕಾಣುವುದಿಲ್ಲ. ಮಂಗಳೂರಿಗೆ ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ, ಉಡುಪಿಗೆ ಸ್ವರ್ಣೆಯ ಬಜೆಯಿಂದ ನೀರು ಬರುತ್ತದೆ. ಮಳೆ ತಡವಾದ ವರ್ಷ ಎರಡೂ ಕಡೆ ರೇಶನ್. ಅಸೋಸಿಯೇಶನ್‌ನವರ ಬಳಿ ಏಪ್ರಿಲ್, ಮೇ ತಿಂಗಳ ಟ್ಯಾಂಕರ್ ಬಿಲ್ ಕೇಳಿ. ಬಾವಿ ಇದೆ ಎಂದರೆ ಬೇಸಿಗೆಯಲ್ಲಿ ಎಷ್ಟು ಇಳಿಯುತ್ತದೆ ಎಂದು ಕೇಳಿ. ಕಡಲಿಗೆ, ಅಳಿವೆಗೆ ಹತ್ತಿರವಾದರೆ ನೀರು ಉಪ್ಪಾಗುತ್ತದೆಯೇ ಎಂದೂ ಕೇಳಿ.

ಐದನೆಯದು: ಕಾಗದಪತ್ರ

ಇದನ್ನು ವಕೀಲರಿಗೆ ಬಿಡಿ. ಕೆಲವನ್ನು ಮಾತ್ರ ನೀವೇ ತಿಳಿದಿರಿ. ಇಸಿ (ಆಸ್ತಿಯ ಮೇಲೆ ಸಾಲ, ಋಣ ಇದೆಯೇ ಎಂದು ತೋರಿಸುವ ಪತ್ರ), ಹಿಂದಿನ ಕ್ರಯಪತ್ರ, ಡೋರ್ ನಂಬರ್, ಇ-ಖಾತಾ, ಪಂಚಾಯತ್ ವ್ಯಾಪ್ತಿಯಾದರೆ ನೈನ್-ಇಲೆವೆನ್ (ಪಂಚಾಯತ್ ಕೊಡುವ ಆಸ್ತಿ ದಾಖಲೆಯ ನಮೂನೆ 9 ಮತ್ತು 11), ಅಸೋಸಿಯೇಶನ್‌ಗೆ ಬಾಕಿ ಇಲ್ಲ ಎಂಬ ಪತ್ರ. ಕಟ್ಟಡಕ್ಕೆ ವಾಸಯೋಗ್ಯ ಪ್ರಮಾಣಪತ್ರ ಸಿಕ್ಕಿದೆಯೇ ಎಂಬುದು ಬಹಳ ಮುಖ್ಯ. ಜಾಗದಲ್ಲಿ ನಿಮ್ಮ ಅವಿಭಜಿತ ಪಾಲು ಎಷ್ಟು ಸೆಂಟ್ಸ್ ಎಂದು ಕೇಳಿ. ಲಿಫ್ಟ್, ಮೆಟ್ಟಿಲಿನ ಪಾಲನ್ನೂ ಸೇರಿಸಿದ ಸೂಪರ್ ಬಿಲ್ಟ್‌ಅಪ್ ಲೆಕ್ಕ ನಂಬಬೇಡಿ, ಮನೆಯೊಳಗಿನ ಬಳಕೆಯ ಜಾಗ, ಅಂದರೆ ಕಾರ್ಪೆಟ್ ಏರಿಯಾವನ್ನು ಟೇಪು ಹಿಡಿದು ಅಳೆಯಿರಿ. ಬಾಲ್ಕನಿ ಅದರೊಳಗೆ ಬರುವುದಿಲ್ಲ.

ಕಟ್ಟುತ್ತಿರುವ ಯೋಜನೆಯಾದರೆ ಅದರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನಂಬರನ್ನು ಕರ್ನಾಟಕ ರೇರಾ ಜಾಲತಾಣದಲ್ಲಿ ಹುಡುಕಿ. 2016ರ ಈ ಕಾಯ್ದೆಯ ಪ್ರಕಾರ ನೋಂದಾಯಿತ ಕರಾರು ಇಲ್ಲದೆ ಬಿಲ್ಡರ್ ಶೇ 10ಕ್ಕಿಂತ ಹೆಚ್ಚು ಹಣ ಪಡೆಯುವ ಹಾಗಿಲ್ಲ. ನನಗೆ ತಡವಾಗಿ ಗೊತ್ತಾದ ಕಲಂ ಇನ್ನೊಂದು. ಪೊಸೆಷನ್ ಕೊಟ್ಟ ದಿನದಿಂದ 5 ವರ್ಷದೊಳಗೆ ರಚನೆಯಲ್ಲೋ ಕೆಲಸದ ಗುಣಮಟ್ಟದಲ್ಲೋ ದೋಷ ಕಂಡು ತಿಳಿಸಿದರೆ, ಬಿಲ್ಡರ್ 30 ದಿನಗಳಲ್ಲಿ ಖರ್ಚಿಲ್ಲದೆ ಸರಿಮಾಡಿಕೊಡಬೇಕು. ನಾನು ಮೊದಲ ವರ್ಷವಿಡೀ ಫೋನಿನಲ್ಲೇ ಜಗಳ ಆಡಿದೆ. ಲಿಖಿತವಾಗಿ, ಫೋಟೋ ಹಚ್ಚಿ ಕೊಟ್ಟ ಮೇಲೆಯೇ ಗೋಡೆಗೆ ಸಾರುವೆ ಏರಿತು.

ಮಾರುವವರು ಗಲ್ಫಿನಲ್ಲಿದ್ದರೆ ಎರಡು ವಿಷಯ. ಅವರ ಪರವಾಗಿ ತಮ್ಮನೋ ಭಾವನೋ ಸಹಿ ಹಾಕುವುದಾದರೆ ಪವರ್ ಆಫ್ ಅಟಾರ್ನಿ ಈಗಲೂ ಚಾಲ್ತಿಯಲ್ಲಿದೆಯೇ, ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿದ್ದಾರೆಯೇ ಎಂದು ವಕೀಲರಿಗೆ ತೋರಿಸಿ. ಟಿಡಿಎಸ್, ಅಂದರೆ ನೀವು ಹಣ ಕೊಡುವಾಗಲೇ ಹಿಡಿದು ಸರಕಾರಕ್ಕೆ ಕಟ್ಟುವ ತೆರಿಗೆ ಕೂಡ ಬೇರೆ. ಇಲ್ಲೇ ಇರುವವರಿಂದ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಆಸ್ತಿ ಕೊಂಡರೆ ಶೇ 1 ಹಿಡಿದರಾಯಿತು. ಅನಿವಾಸಿ ಮಾರಿದರೆ ಆ ಲೆಕ್ಕ ನಡೆಯುವುದಿಲ್ಲ, ತುಂಬ ಜಾಸ್ತಿ ಹಿಡಿಯಬೇಕಾಗುತ್ತದೆ. ಹಿಡಿಯದಿದ್ದರೆ ನೋಟಿಸ್ ಬರುವುದು ನಿಮಗೆ. ಸಿಎ ಬಳಿ ಮೊದಲೇ ಕೇಳಿ.

ಕೊನೆಗೆ ರೇಟು

ನಮ್ಮಲ್ಲಿ ಬ್ರೋಕರ್ ಎಂದರೆ ಹೆಚ್ಚಾಗಿ ಪರಿಚಯದವರೇ. "ಬೇರೆ ಪಾರ್ಟಿ ನಾಳೆ ಬರ್ತಾರೆ, ನಿಮಗೆ ಅಂತ ಹೇಳಿದ್ದು" ಎನ್ನುವುದು ಎಲ್ಲರ ಮಾತು. ಮಣಿಪಾಲ, ದೇರಳಕಟ್ಟೆಯಲ್ಲಿ ವಿದ್ಯಾರ್ಥಿಗಳ ಬಾಡಿಗೆ ಇದೆ ಎಂದು ರೇಟು ಬಿಗಿ ಹಿಡಿಯುತ್ತಾರೆ. ಬೇರೆ ಕಡೆ ಹಳೇ ಫ್ಲ್ಯಾಟಿಗೆ ಅಷ್ಟು ನೂಕುನುಗ್ಗಲು ಇಲ್ಲ. ರಾತ್ರಿ ಎಂಟು ಗಂಟೆಗೆ ಎದುರಿನ ರಸ್ತೆಯಲ್ಲಿ ನಿಂತು ಎಷ್ಟು ಮನೆಯಲ್ಲಿ ಲೈಟ್ ಇದೆ ಎಂದು ಎಣಿಸಿ. ಅರ್ಧ ಕಟ್ಟಡ ಕತ್ತಲಾಗಿದ್ದರೆ ಚೌಕಾಶಿಗೆ ದಾರಿಯಿದೆ. ಮೆಂಟೇನೆನ್ಸ್ ಕೂಡ ಅಲ್ಲಿ ಸರಿಯಾಗಿ ಕೂಡಿಬರುತ್ತಿರಲಿಕ್ಕಿಲ್ಲ.

ಸಿಕ್ಕಿದ ದೋಷಗಳನ್ನೆಲ್ಲ ಫೋಟೋ ಸಮೇತ ಪಟ್ಟಿ ಮಾಡಿ, ಒಂದೊಂದಕ್ಕೂ ರಿಪೇರಿ ಕೊಟೇಶನ್ ತೆಗೆದುಕೊಳ್ಳಿ. ಬಾಯಿಮಾತಿನಲ್ಲಿ ಕಮ್ಮಿ ಮಾಡಿ ಎಂದರೆ ಐವತ್ತು ಸಾವಿರ ಇಳಿಸಿಯಾರು. ಕೊಟೇಶನ್ ಮುಂದಿಟ್ಟರೆ ಮಾತಿನ ಧಾಟಿಯೇ ಬದಲಾಗುತ್ತದೆ. ಮಾರುವವರೇ ರಿಪೇರಿ ಮಾಡಿಕೊಡುತ್ತೇವೆ ಎಂದರೆ ಆ ಪಟ್ಟಿಯನ್ನು ಅಗ್ರಿಮೆಂಟಿಗೆ ಸೇರಿಸಿ. ಗೋಡೆ ಸೋರುವ ಕೆಲಸವಾದರೆ ಒಂದಷ್ಟು ಮೊತ್ತ ಹಿಡಿದಿಟ್ಟು, ಮೂರು ದಿನ ಬಿಡದೆ ಹೊಡೆದ ಒಂದು ಮಳೆ ಕಳೆದ ಮೇಲೆಯೇ ಕೊಡುತ್ತೇವೆ ಎಂದು ಬರೆಸಿ. ಸೋಣದಲ್ಲಿ ಅಗ್ರಿಮೆಂಟ್ ಆದರೆ ಅಂಥ ಮಳೆಗೆ ಜಾಸ್ತಿ ಕಾಯಬೇಕಾಗಿ ಬರುವುದಿಲ್ಲ.